ಸೊಂಟದ ಪಟ್ಟಿಯಲ್ಲಿ ಜಾರುತ್ತಿದ್ದ ಸೀಸ

ಮೈಸೂರಿನ ಈಜುಕೊಳದಲ್ಲಿ ಬ್ಯಾಕ್‌ಪ್ಲೇಟ್ (ಗಾಳಿಯ ಸಿಲಿಂಡರನ್ನು ಬೆನ್ನಿಗೆ ಹಿಡಿದಿಡುವ ಗಟ್ಟಿ ಹಲಗೆ) ಕಟ್ಟಿಕೊಂಡು ಸ್ಕೂಬಾ ಅಭ್ಯಾಸ ಮಾಡುವಾಗಲೆಲ್ಲ, ನೀರಿನಲ್ಲಿ ಮುಳುಗಲೆಂದು ಸೊಂಟದ ಪಟ್ಟಿಗೆ ಪೋಣಿಸಿದ್ದ ನಾಲ್ಕು ಕಿಲೋ ಸೀಸ ಬಲಕ್ಕೆ ಜಾರಿ, ನಾನು ಒಂದೇ ಮಗ್ಗುಲಿಗೆ ವಾಲುತ್ತಿದ್ದೆ. ಸಾಲದೆಂಬಂತೆ ಕಾಲುಗಳೂ ಕೆಳಗಿಳಿಯುತ್ತಿದ್ದವು. ಪಟ್ಟಿಯನ್ನು ಉಸಿರು ಕಟ್ಟುವಷ್ಟು ಬಿಗಿದದ್ದು ನನ್ನ ಮೊದಲ ಮೂರ್ಖತನ. ಸಮುದ್ರದಲ್ಲಿ ಆಳಕ್ಕೆ ಹೋದಂತೆ ವೆಟ್‌ಸೂಟ್ ಎಂಬ ರಬ್ಬರಿನ ಉಡುಪು ಒತ್ತಡಕ್ಕೆ ಕುಗ್ಗುವುದರಿಂದ ಎಷ್ಟು ಬಿಗಿದ ಪಟ್ಟಿಯೂ ಸಡಿಲವಾಗುತ್ತದೆ.

ಕೊನೆಗೆ ಎರಡು ಕಿಲೋವನ್ನು ಸಿಲಿಂಡರನ್ನು ಬಿಗಿಯುವ ಮೇಲ್ತುದಿಯ ಪಟ್ಟಿಗೆ, ಎಡಬಲಕ್ಕೆ ಒಂದೊಂದರಂತೆ ಸಾಗಿಸಿದೆ. ಭಾರ ಭುಜದ ಕಡೆಗೆ ಬಂದದ್ದೇ ಕಾಲುಗಳು ಮೇಲೆದ್ದವು. ಉಳಿದ ಎರಡನ್ನು ಎಳೆದೊಡನೆ ಕಳಚುವ ಚೀಲಗಳಲ್ಲಿಟ್ಟು, ಪ್ರತಿ ಚೀಲದ ಹಿಂದೆ ಮುಂದೆ ಪಟ್ಟಿಗೆ ಮೂರು ಸೀಳಿನ ಉಕ್ಕಿನ ಬಿಲ್ಲೆಗಳನ್ನು ಪೋಣಿಸಿದೆ. ಪಟ್ಟಿ ಮತ್ತು ಬಿಲ್ಲೆಯ ನಡುವೆ, ಸೈಕಲ್ ಅಂಗಡಿಯವರು ಪುಕ್ಕಟೆ ಕೊಟ್ಟ ಹಳೆಯ ಟ್ಯೂಬಿನ ಬೆರಳಗಲದ ತುಂಡನ್ನು ಸೇರಿಸಿದ ಮೇಲೆ ಸೀಸ ಕೂದಲೆಳೆಯಷ್ಟೂ ಕದಲಿಲ್ಲ. ಎಲ್ಲ ಸೀಸವನ್ನೂ ಬಿಗಿದುಬಿಡುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅಪಾಯದಲ್ಲಿ ಸ್ವಲ್ಪವಾದರೂ ಕೈಗೆ ಸಿಕ್ಕು ಕಳಚುವಂತಿರಬೇಕು.

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಉಪ್ಪುನೀರಿಗೆ ಹೊರಡುವಾಗ, ಅದು ಕೊಳದ ಸಿಹಿನೀರಿಗಿಂತ ಹೆಚ್ಚು ತೇಲಿಸುವುದರಿಂದ, ನನ್ನ ಮತ್ತು ಸಲಕರಣೆಗಳ ಒಟ್ಟು ತೂಕದ ಸುಮಾರು ಶೇಕಡ 2.5ರಷ್ಟು ಸೀಸವನ್ನು ಹೆಚ್ಚಿಗೆ ಸೇರಿಸಿಕೊಳ್ಳುತ್ತೇನೆ.