ಗಿಡ ಆಮೇಲೆ, ಮೊದಲು ದಾರಿಯ ಲೆವೆಲ್ ನೋಡಿ

ಕಟ್ಟಡದ ಸುತ್ತ ಹಸಿರು ಜಾಗ ಮಾಡ್ಬೇಕು ಅಂದ್ರೆ ಸುಮಾರು ಜನ ಗಿಡಗಳ ಪಟ್ಟಿಯಿಂದ್ಲೇ ಶುರು ಮಾಡ್ತಾರೆ. ಲಾನ್ ಹಾಕಿ, ಬೆಂಚ್ ಇಟ್ಟು ಎಲ್ಲಾ ಮುಗಿದ್ಮೇಲೆ ಯಾರೋ ಒಬ್ರು "ವೀಲ್‌ಚೇರ್‌ನಲ್ಲಿ ಬರೋರು ಎಲ್ಲಿಂದ ಬರ್ಬೇಕು?" ಅಂತ ಕೇಳ್ತಾರೆ, ಆಗ ಹಿಂಬಾಗಿಲ ಹತ್ರ, ಕಸದ ಡಬ್ಬಗಳ ಪಕ್ಕ ಒಂದು ಕಡಿದಾದ ರ‍್ಯಾಂಪ್ ಬರತ್ತೆ. ಇದನ್ನ ನೋಡಿ ನೋಡಿ ಸಾಕಾಗಿ ಬರೀತಿದೀನಿ.

ಮೊದಲನೇ ಕೆಲಸ ಸುಲಭ. ಬಿಸಿಲು ಎಲ್ಲಿ ಬೀಳತ್ತೆ, ಮಳೆನೀರು ಎತ್ತ ಹರಿಯತ್ತೆ, ಯಾವ ಮರ ಎಲ್ಲಿದೆ ಅಂತ ನಕ್ಷೆ ಮೇಲೆ ಗುರುತು ಹಾಕ್ಕೊಳ್ಳಿ.

ಎರಡನೇದು ದಾರಿಯ ಲೆವೆಲ್, ಎಲ್ರೂ ಎಡವೋದು ಇಲ್ಲೇ. ರ‍್ಯಾಂಪ್‌ಗೆ 1:12 ಅಂತ ಲೆಕ್ಕ ಇದೆ, ಅಂದ್ರೆ 1 ಅಡಿ ಏರೋಕೆ 12 ಅಡಿ ಉದ್ದ. ಪ್ಲಿಂತ್, ಅಂದ್ರೆ ಹೊರಗಿನ ನೆಲದಿಂದ ಕಟ್ಟಡದ ಒಳನೆಲದ ಎತ್ತರ, ಒಂದೂವರೆ ಅಡಿ ಇದ್ರೆ 18 ಅಡಿ ಬೇಕು, ಮೇಲೆ ಕೆಳಗೆ ತಿರುಗೋಕೆ ಐದೈದು ಅಡಿ ಸಮತಟ್ಟು ಜಾಗ ಬೇರೆ. ಇದನ್ನ ಎಂಟು ಅಡೀಲಿ ಮುಗಿಸಿಬಿಡ್ತಾರೆ, ಅಂಥದ್ರಲ್ಲಿ ಕೈಯಲ್ಲಿ ಚಕ್ರ ತಳ್ಕೊಂಡು ಒಬ್ರೇ ಹತ್ತೋಕಾಗಲ್ಲ, ಇಳಿಯೋವಾಗ ಮುಗ್ಗರಿಸೋ ಭಯ. ಇನ್ನೊಂದು ವಿಷ್ಯ, 1:12 ಅನ್ನೋದು ಗರಿಷ್ಠ ಮಿತಿ, ಅಷ್ಟು ಕಡಿದಾಗಿ ಮಾಡ್ಲೇಬೇಕು ಅಂತಲ್ಲ. ನನ್ನ ಕೇಳಿದ್ರೆ ಜಾಗ ಇದ್ದಲ್ಲಿ 1:20 ಮಾಡಿ. ಅದೇ ಒಂದೂವರೆ ಅಡಿಗೆ 30 ಅಡಿ ಆಗತ್ತೆ, ಆದ್ರೆ ಅಮೆರಿಕದ ನಿಯಮಗಳಲ್ಲೂ ಇಷ್ಟು ನಿಧಾನದ ಏರನ್ನ ರ‍್ಯಾಂಪ್ ಅಂತ ಲೆಕ್ಕಕ್ಕೇ ತಗೊಳ್ಳಲ್ಲ, ಬರೀ ದಾರಿ ಅಂತಾರೆ. ತೋಟದ ನೆಲವನ್ನೇ ನಿಧಾನವಾಗಿ ಏರಿಸ್ಕೊಂಡು ಬಂದು ಮುಂಬಾಗಿಲಿಗೆ ಸೇರಿಸಿ, ಎರಡೂ ಕಡೆ ಗಿಡ ಬರ್ಲಿ, ಆಗ ಎಲ್ರೂ ಒಂದೇ ದಾರೀಲಿ ಒಳಗೆ ಬರ್ತಾರೆ.

ಹೀಗೆ ಮಣ್ಣು ಏರಿಸೋವಾಗ ಗೋಡೆಗೆ ಮಾತ್ರ ಒತ್ತಿ ತುಂಬ್ಬೇಡಿ, ತೇವ ಏರಿ ಒಳಗಿನ ಬಣ್ಣ ಉದುರತ್ತೆ. ಗೋಡೆಯ ತೇವ ತಡೆಯೋ ಪದರಕ್ಕಿಂತ ಅರ್ಧ ಅಡಿ ಕೆಳಗೇ ಮಣ್ಣು ನಿಲ್ಲಿಸಿ, ಗೋಡೆ ಪಕ್ಕ ಜಲ್ಲಿ ತುಂಬಿದ ಸಣ್ಣ ಕಾಲುವೆ ಬಿಟ್ಟು, ಬಾಗಿಲಿನ ಮುಂದೆ ಮಾತ್ರ ಅದ್ರ ಮೇಲೆ ಚಪ್ಪಡಿ ಹಾಯಿಸಿ. ಹೊಸಿಲು ಅರ್ಧ ಇಂಚಿಗಿಂತ ಎತ್ತರ ಬೇಡ.

ದಾರೀಲಿ ಹಳೇ ಮರ ಇದ್ರೆ ಅದರ ಬುಡಕ್ಕೆ ಮಣ್ಣು ಏರಿಸ್ಲೇಬೇಡಿ. ನೀರು ಹೀರೋ ಬೇರು ಹೆಚ್ಚಾಗಿ ಮೇಲಿನ ಎರಡು ಅಡಿಯಲ್ಲೇ ಇರತ್ತೆ, ಕೊಂಬೆಗಳ ಹರವು ದಾಟಿ ಆಚೆಗೂ ಹೋಗಿರತ್ತೆ, ಮೇಲೆ ಮಣ್ಣು ಬಿದ್ರೆ ಗಾಳಿ ಸಿಗದೆ ಮರ ಕೆಲವು ವರ್ಷದಲ್ಲಿ ನಿಧಾನವಾಗಿ ಒಣಗತ್ತೆ, ಆಗ ಕಾರಣ ಯಾರಿಗೂ ನೆನಪಿರಲ್ಲ. ಅಲ್ಲಿ ದಾರಿಯನ್ನ ಸಣ್ಣ ಕಂಬಗಳ ಮೇಲೆ ಹಲಗೆ ಹಾಕಿ ತೇಲಿಸಿ. ಹಲಗೆಗಳು ನಡೆಯೋ ದಿಕ್ಕಿಗೆ ಅಡ್ಡ ಇರ್ಬೇಕು, ಸಂದು ಅರ್ಧ ಇಂಚು ದಾಟಬಾರ್ದು, ಇಲ್ಲಾಂದ್ರೆ ಊರುಗೋಲಿನ ತುದಿ ಸಿಕ್ಕಿಹಾಕ್ಕೊಳ್ಳತ್ತೆ.

ಇಷ್ಟಾದ್ಮೇಲೆ ಕೆಲವ್ರು ಒಂದು ಫೋಟೊ ತೋರಿಸ್ತಾರೆ, ಕೆನಡಾದ ವ್ಯಾಂಕೂವರ್‌ನಲ್ಲಿರೋ ರಾಬ್ಸನ್ ಸ್ಕ್ವೇರ್ ಅನ್ನೋ ಸಾರ್ವಜನಿಕ ಚೌಕದ್ದು. ಮೆಟ್ಟಿಲುಗಳ ನಡುವೆಯೇ ರ‍್ಯಾಂಪ್ ಓರೆಯಾಗಿ ಸುಳಿದು ಹೋಗತ್ತೆ, ವಾಸ್ತುಶಿಲ್ಪಿ ಆರ್ಥರ್ ಎರಿಕ್ಸನ್ ಮತ್ತು ತೋಟ-ಬಯಲುಗಳ ವಿನ್ಯಾಸ ಮಾಡ್ತಿದ್ದ ಕಾರ್ನೇಲಿಯಾ ಓಬರ್‌ಲ್ಯಾಂಡರ್ ಅವರ ಕೆಲಸ, ನಿಜಕ್ಕೂ ಚಂದ. ಎಲ್ರಿಗೂ ಒಂದೇ ದಾರಿ ಅನ್ನೋ ಯೋಚನೆಯೂ ದೊಡ್ಡದು. ಆದ್ರೆ ಇಳಿಜಾರು ಕಡಿದಾಗಿದೆ, ಹಿಡಿಕೆ ಸಾಲಲ್ಲ ಅಂತ ಟೀಕೆ ಬಂದಿದೆ, ಮೆಟ್ಟಿಲೂ ಇಳಿಜಾರೂ ಒಂದೇ ಬಣ್ಣದಲ್ಲಿ ಬೆರೆತ್ರೆ ದೃಷ್ಟಿ ಮಂದ ಇರೋರಿಗೆ ಅಂಚು ಎಲ್ಲಿ ಅಂತ ಗೊತ್ತಾಗಲ್ಲ. ಯೋಚನೆ ತಗೊಳ್ಳಿ, ನಕಲು ಬೇಡ. ಕಾಂಕ್ರೀಟ್ ಸುರಿಯೋಕೆ ಮುಂಚೆ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ವೀಲ್‌ಚೇರ್ ಬಳಸೋರನ್ನ, ಬಿಳಿಕೋಲು ಹಿಡಿಯೋರನ್ನ, ವಯಸ್ಸಾದವರನ್ನ ಕರೆಸಿ ಓಡಾಡಿಸಿ.

ಮೂರನೇದು ದಾರಿಯ ಮೇಲ್ಮೈ. ಪೊರಕೆ ಎಳೆದು ಒರಟು ಮಾಡಿದ ಕಾಂಕ್ರೀಟೇ ಸಾಕು. ಹುಲ್ಲು ಬೆಳೆಯೋಕೆ ತೂತು ಬಿಟ್ಟಿರೋ ಗ್ರಾಸ್ ಪೇವರ್ ಕಲ್ಲು ದಾರಿಗೆ ಬೇಡ್ವೇ ಬೇಡ, ವೀಲ್‌ಚೇರ್‌ನ ಸಣ್ಣ ಮುಂಚಕ್ರ ಅದ್ರಲ್ಲಿ ಕೂತುಬಿಡತ್ತೆ. ಬಿಡಿ ಜಲ್ಲಿಯೂ ಬೇಡ, ಪಾಲಿಶ್ ಗ್ರಾನೈಟ್ ಮಳೇಲಿ ಜಾರತ್ತೆ. ಅಗಲ 6 ಅಡಿ ಇದ್ರೆ ಎರಡು ವೀಲ್‌ಚೇರ್ ಎದುರುಬದುರು ದಾಟ್ತವೆ.

ಬೆಂಚ್ ಒಂದೂವರೆ ಅಡಿ ಎತ್ತರ, ಒರಗೋಕೆ ಬೆನ್ನು, ಎದ್ದೇಳೋಕೆ ಕೈ. ಪಕ್ಕದಲ್ಲೇ ವೀಲ್‌ಚೇರ್ ನಿಲ್ಲೋಷ್ಟು ಜಾಗ ಖಾಲಿ ಬಿಡಿ, ಜೊತೆಗೆ ಬಂದವ್ರ ಪಕ್ಕದಲ್ಲೇ ಕೂತು ಮಾತಾಡ್ಬೇಕಲ್ವಾ.

ಗೋಡೆಗೆ ಹಸಿರು ಬೇಕಾದ್ರೆ ಗಿಡ ಇಡೋ ಪ್ಲಾಸ್ಟಿಕ್ ಪಾಕೆಟ್ ಪ್ಯಾನೆಲ್ ನಂಬ್ಬೇಡಿ, ನೀರು ಹಾಯಿಸೋ ಪಂಪ್ ಕೆಟ್ರೆ ಬಿಸಿಲಲ್ಲಿ ಎಲ್ಲಾ ಒಣಗತ್ತೆ. ನೆಲದಲ್ಲೇ ಬಳ್ಳಿ ನೆಟ್ಟು ತಂತಿ ಮೇಲೆ ಹಬ್ಬಿಸಿ.

ಗಿಡ ಕೊನೆಗೆ. ಕೂತೇ ಮುಟ್ಟೋ ಹಾಗೆ ಒಂದೆರಡು ಎತ್ತರದ ಮಡಿ ಮಾಡಿ, ಕೆಳಗೆ ಮಂಡಿ ಹೋಗೋಕೆ 27 ಇಂಚು ಖಾಲಿ ಇರ್ಲಿ. ದಾರಿ ಪಕ್ಕ ಮುಳ್ಳಿನ ಗಿಡ ಬೇಡ. ದಾರಿ ಮೇಲೆ ಬಾಗೋ ಕೊಂಬೆಗಳನ್ನ 7 ಅಡಿ ಎತ್ತರದವರೆಗೂ ಸವರ್ತಾ ಇರ್ಬೇಕು, ಬಿಳಿಕೋಲು ನೆಲ ತಡವತ್ತೆ, ಮುಖದ ಮಟ್ಟದಲ್ಲಿರೋ ಕೊಂಬೆ ಅದಕ್ಕೆ ಸಿಗಲ್ಲ. ಆ ಕೆಲಸ ಯಾರದ್ದು, ಎಷ್ಟು ತಿಂಗಳಿಗೊಮ್ಮೆ ಅಂತ ಗಿಡ ನೆಡೋ ದಿನಾನೇ ಬರೆದಿಡಿ.