ಚಟ್ನಿಪುಡಿಗೆ ಕೈ-ಸ್ಕ್ವೇರ್ ಹಾಕಿದ ನನ್ನ ಅನುಭವ

ತುಮಕೂರಲ್ಲಿ ನಮ್ಮದು ಚಟ್ನಿಪುಡಿ ವ್ಯಾಪಾರ. ಕಡ್ಲೆಬೀಜ, ಹುಚ್ಚೆಳ್ಳು, ಅಗಸೆ, ತಿಪಟೂರು ಕೊಬ್ಬರಿ, ನಾಲ್ಕನ್ನೂ ಸಮಸಮ ಮಾಡಿಸ್ತಿದ್ದೆ. ಹೋದ ಮಳೆಗಾಲದಲ್ಲಿ ಅಗಸೆಪುಡಿ ಹತ್ತು-ಹನ್ನೆರಡು ಕೆಜಿ ಕಮಟು ಹಿಡಿದು ಚರಂಡಿ ಪಾಲಾಯ್ತು. ಐದಾರು ಸಾವಿರ ಹೋಯ್ತು.

ಗಿರಾಕಿಗಳ ಒಲವು ನಿಜಕ್ಕೂ ಸಮವಾ ಅಂತ ಕೈ-ಸ್ಕ್ವೇರ್ (chi-square: ಎಣಿಸಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರೋ ವ್ಯತ್ಯಾಸ ಬರೀ ಆಕಸ್ಮಿಕವಾ ಅಂತ ನೋಡೋ ಸಂಖ್ಯಾಶಾಸ್ತ್ರದ ಲೆಕ್ಕ) ಹಾಕಿ ನೋಡ್ತೀನಿ ಅಂದೆ. ಭಾವಮೈದ ನಕ್ಕ: "ಪುಡಿ ಮಾರೋಕೆ ಲೆಕ್ಕದ ಮೇಷ್ಟ್ರು ಯಾಕೆ ಭಾವ? ನಾಲಿಗೆ ಸಾಲದಾ?"

ಮೊದಲ ಸಲ ಅವನೇ ಗೆದ್ದ. ನಾನು ಎಣಿಸಿದ್ದು ಪ್ಯಾಕೆಟ್. ಯಾರೋ ಗೃಹಪ್ರವೇಶಕ್ಕೆ ಕೊಬ್ಬರಿಪುಡಿ ಮೂವತ್ತು ಒಯ್ದರು. ಕೊಬ್ಬರಿಯೇ ರಾಜ ಅಂತ ಲೆಕ್ಕ ಬಂತು. ದುಪ್ಪಟ್ಟು ಮಾಡಿಸಿದೆ, ಅರ್ಧ ಉಳೀತು. ಪ್ಯಾಕೆಟ್ ಮೂವತ್ತಾದರೂ ನಾಲಿಗೆ ಒಂದೇ ತಾನೆ!

ಆಮೇಲೆ ಗಲ್ಲಾಪೆಟ್ಟಿಗೆ ಪಕ್ಕ ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ ಅಂಟಿಸಿ, ದಾರದಲ್ಲಿ ಪೆನ್ಸಿಲ್ ಕಟ್ಟಿದೆ. ಒಬ್ಬರಿಗೆ ಒಂದೇ ಗೀರು. 120 ಜನ ಆಗೋಕೆ ಮೂರು ವಾರ ಹಿಡೀತು. ತಲಾ 30 ಬರಬೇಕಿದ್ದ ಕಡೆ ಕಡ್ಲೆಬೀಜ 41, ಹುಚ್ಚೆಳ್ಳು 36, ಕೊಬ್ಬರಿ 26, ಅಗಸೆ 17. ಪ್ರತಿ ಪುಡಿಯ ವ್ಯತ್ಯಾಸವನ್ನ ವರ್ಗ ಮಾಡಿ, 30ರಿಂದ ಭಾಗಿಸಿ, ಕೂಡಿದರೆ ಮೊತ್ತ 11.4. ಮೂರು ಡಿಗ್ರಿಗೆ (ಬಗೆಗಳ ಸಂಖ್ಯೆಗಿಂತ ಒಂದು ಕಮ್ಮಿ) ಗಡಿ 7.81. ಗಡಿ ದಾಟಿತು, ಅಂದರೆ ಒಲವು ಸಮ ಅಲ್ಲ. ಇಲ್ಲೂ ಒಮ್ಮೆ ಎಡವಿದ್ದೆ: ಶೇಕಡಾ ಹಾಕಿ 9.5 ಅಂತ ಬರೆದುಕೊಂಡಿದ್ದೆ. ಎಣಿಕೆಯನ್ನೇ ಹಾಕಬೇಕು.

ಇದೇ ಹುರುಪಲ್ಲಿ ಕವರಿನ ಬಣ್ಣಕ್ಕೂ ಹಾಕಿದೆ. ಕೆಂಪು 24, ಹಸಿರು 19, ಹಳದಿ 17. ಬಂದದ್ದು 1.3, ಗಡಿ 5.99. ಗಡಿ ದಾಟಲಿಲ್ಲ, ಬಣ್ಣದ ಮೇಲೆ ಒಲವಿನ ವ್ಯತ್ಯಾಸ ಕಾಣಲಿಲ್ಲ. ಮೂರು ಬಣ್ಣದ ಪ್ರಿಂಟಿಂಗ್ ದಂಡ ಅಂತ ಒಂದೇ ಬಣ್ಣಕ್ಕೆ ಇಳಿಸಿದೆ. ಸಾವಿರ ಕವರಿಗೆ ಮುನ್ನೂರು-ನಾನ್ನೂರು ಉಳೀತು. ಯಾವ ಬಣ್ಣ ಅಂದರೆ, ಮನೆಯವಳಿಗೆ ಇಷ್ಟವಾದ ಹಳದಿ!

ಪುಡಿಯನ್ನ 35, 30, 20, 15ರ ಪ್ರಮಾಣಕ್ಕೆ ತಂದೆ. ಮೂರು ತಿಂಗಳು ಬಿಟ್ಟು ಹೊಸದಾಗಿ 120 ಜನರನ್ನ ಕೇಳಿ ಅದೇ ಪ್ರಮಾಣಕ್ಕೆ ಹೋಲಿಸಿದರೆ 1.7 ಬಂತು. ಪ್ರಮಾಣ ತಪ್ಪು ಅನ್ನೋಕೆ ಏನೂ ಸಿಗಲಿಲ್ಲ. ಅಗಸೆಪುಡಿ ಒಂದು ಪ್ಯಾಕೆಟ್ಟೂ ಚರಂಡಿಗೆ ಹೋಗಿಲ್ಲ.

ಮೊನ್ನೆ ಭಾವಮೈದನೇ ತನ್ನಂಗಡಿಯ ನಾಲ್ಕು ಉಪ್ಪಿನಕಾಯಿಗೆ ಗೀರು ಹಾಕಿದ ಚೀಟಿ ತಂದ. ಹದಿನೈದೇ ಜನ. ನಾಲ್ಕಕ್ಕೆ ಸಮ ಹಂಚಿದರೆ ಖಾನೆಗೆ ಐದರ ನಿರೀಕ್ಷೆಯೂ ಇಲ್ವಲ್ಲೋ, ಇಷ್ಟು ಕಮ್ಮಿ ಇದ್ದರೆ ಈ ಲೆಕ್ಕ ನಂಬೋಕಾಗಲ್ಲ, ಇನ್ನೆರಡು ವಾರ ಗೀರು ಹಾಕು ಅಂತ ವಾಪಸ್ ಕಳಿಸಿದೆ.