ಹದಿನಾಲ್ಕನೇ ಶತಮಾನದಲ್ಲಿ ಪೋಲೆಂಡನ್ನು ಆಳಿದ ರಾಣಿ ಯಾದ್ವಿಗಾ ಬಗ್ಗೆ ಲೇಖನ ಬರೆಯುವುದು ಹೇಗೆ?

ಮೊದಲು ಹೆಸರು. ಪೋಲಿಷ್‌ನಲ್ಲಿ 'ಜೆ' ಅಕ್ಷರವನ್ನು 'ಯ' ಎಂದು ಓದುತ್ತಾರೆ. ಹಾಗಾಗಿ ಜಾದ್ವಿಗಾ ಅಲ್ಲ, ಯಾದ್ವಿಗಾ. ಜರ್ಮನ್ ರೂಪ ಹೆಡ್ವಿಗ್ ಹಾಕಿ ಹುಡುಕಿದರೆ 1243ರಲ್ಲಿ ತೀರಿಕೊಂಡ ಸಿಲೇಸಿಯಾದ ಸಂತ ಹೆಡ್ವಿಗ್ ಸಿಗುತ್ತಾಳೆ. ಆಕೆಯ ಹಬ್ಬ ಅಕ್ಟೋಬರ್ 16. ನಮ್ಮ ರಾಣಿಯ ಪಟ್ಟಾಭಿಷೇಕವೂ ಅದೇ ತಾರೀಖಿನದು. ಗೊಂದಲ ಹೆಚ್ಚಾಗಿ ಹುಟ್ಟುವುದು ಇಲ್ಲೇ. ರಾಣಿಯೂ ಸಂತಳೇ, ಆದರೆ ಆಕೆಯ ಹಬ್ಬ ಜೂನ್ 8.

ಆಮೇಲೆ ಪ್ರತಿ ಘಟನೆಯ ಎದುರು ಆಕೆಯ ವಯಸ್ಸು ಬರೆದುಕೊಳ್ಳಿ. ಈ ಕೆಲಸ ಬಿಟ್ಟರೆ ಕಥೆ ಪ್ರೇಮಕಥೆಯಾಗಿ ಜಾರುತ್ತದೆ. ಹುಟ್ಟಿದ್ದು 1373ರ ಕೊನೆ ಅಥವಾ 1374ರ ಆರಂಭದಲ್ಲಿ. ಆಸ್ಟ್ರಿಯಾದ ವಿಲ್ಹೆಲ್ಮ್ ಜತೆ ಸಂಬಂಧ ಗೊತ್ತುಮಾಡಿದ್ದು 1378ರಲ್ಲಿ, ಅಂದರೆ ನಾಲ್ಕು ವರ್ಷಕ್ಕೆ. ಹಂಗೇರಿ, ಪೋಲೆಂಡ್ ಎರಡಕ್ಕೂ ರಾಜನಾಗಿದ್ದ ತಂದೆ ಲೂಯಿ ಸತ್ತದ್ದು 1382ರಲ್ಲಿ. ಕ್ರಾಕೋವ್‌ನಲ್ಲಿ ಪಟ್ಟವಾದದ್ದು 1384ರಲ್ಲಿ, ಹತ್ತು ವರ್ಷಕ್ಕೆ. ನಡುವಿನ ಎರಡು ವರ್ಷವನ್ನು ಹಾರಿಸಬೇಡಿ: ಹಂಗೇರಿಯಲ್ಲಿ ಕೂತು ಆಳುವವರು ಬೇಡ, ಇಲ್ಲೇ ಬಂದು ಇರುವವರು ಬೇಕು ಎಂದು ಪೋಲೆಂಡಿನ ಶ್ರೀಮಂತರು ಹಟ ಹಿಡಿದದ್ದರಿಂದಲೇ ಅಕ್ಕ ಮೇರಿಯ ಬದಲು ಯಾದ್ವಿಗಾ ಬಂದಳು.

ಪಟ್ಟದ ಪದವನ್ನು ಎಚ್ಚರದಿಂದ ಬಳಸಿ. ಆಕೆಗೆ ಪಟ್ಟ ಕಟ್ಟಿದ್ದು 'ರೆಕ್ಸ್', ಅಂದರೆ ರಾಜ ಎಂದು. ರಾಜನ ಹೆಂಡತಿಯಾಗಿ ಸಿಂಹಾಸನದ ಪಕ್ಕ ಕೂತವಳಲ್ಲ, ಸ್ವಂತ ಹಕ್ಕಿನಿಂದ ಆಳಿದವಳು. 1386ರ ಫೆಬ್ರುವರಿ 18ರಂದು ಲಿಥುವೇನಿಯಾದ ದೊರೆ ಯೊಗಾಯ್ಲಾನನ್ನು ಮದುವೆಯಾದ ಮೇಲೂ ಆಕೆ ಜತೆಯಲ್ಲಿ ಆಳಿದಳು. 'ಪಟ್ಟದರಸಿ' ಎಂದು ಬರೆದರೆ ಈ ಅರ್ಥವೇ ಹೋಗುತ್ತದೆ. 1387ರಲ್ಲಿ ಕೆಂಪು ರುಥೇನಿಯಾಕ್ಕೆ (ಇಂದಿನ ಪಶ್ಚಿಮ ಉಕ್ರೇನಿನ ಕಡೆಯ ನಾಡು) ದಂಡಯಾತ್ರೆಯ ಮುಂದಾಳಾಗಿ ಹೋದವಳು ಆಕೆಯೇ.

ಈ ಮದುವೆಗೆ ಮುನ್ನ ಆದ 1385ರ ಕ್ರೆವೊ ಒಪ್ಪಂದಕ್ಕೆ ಒಂದು ಪೂರ್ತಿ ಪ್ಯಾರಾ ಕೊಡಿ. ಯೊಗಾಯ್ಲಾ ಕ್ರೈಸ್ತನಾಗುವುದು, ಸಂಬಂಧ ಮುರಿದದ್ದಕ್ಕೆ ವಿಲ್ಹೆಲ್ಮ್ ಕಡೆಯವರಿಗೆ ಪರಿಹಾರವಾಗಿ 2,00,000 ಫ್ಲಾರಿನ್ (ಚಿನ್ನದ ನಾಣ್ಯ) ಕೊಡುವುದು, ತನ್ನ ನೆಲವನ್ನು ಪೋಲೆಂಡಿನ ಕಿರೀಟಕ್ಕೆ 'ಅಪ್ಲಿಕಾರೆ' ಮಾಡುವುದು ಅದರಲ್ಲಿದ್ದವು. ಈ ಲ್ಯಾಟಿನ್ ಪದದ ಅರ್ಥದ ಬಗ್ಗೆ ಇತಿಹಾಸಕಾರರು ಇನ್ನೂ ವಾದಿಸುತ್ತಿದ್ದಾರೆ. 'ವಿಲೀನ' ಎಂದು ತೀರ್ಪು ಕೊಡದೆ ಮೂಲಪದವನ್ನೇ ಇಟ್ಟು ವಾದ ಇದೆಯೆಂದು ಹೇಳಿ.

ದಂತಕಥೆಗಳನ್ನು ಬೇರೆ ಭಾಗದಲ್ಲಿಡಿ. ವಿಲ್ಹೆಲ್ಮ್‌ನನ್ನು ಸೇರಲು ಕೋಟೆಯ ಬಾಗಿಲಿಗೆ ಕೊಡಲಿ ಎತ್ತಿದ್ದು, ಬಡ ಕಲ್ಲುಕುಟಿಗನಿಗೆ ಪಾದರಕ್ಷೆಯ ಚಿನ್ನದ ಕೊಂಡಿ ಕೊಟ್ಟಿದ್ದು, ಎರಡೂ ಅಲ್ಲಿಗೇ ಸೇರಬೇಕು. ಅವು ಜನ ಆಕೆಯನ್ನು ಹೇಗೆ ನೆನೆದರೆಂದು ತೋರಿಸುತ್ತವೆ, ಏನಾಯಿತು ಎಂಬುದನ್ನಲ್ಲ.

ಕೊನೆಯ ದಿನಗಳ ತಾರೀಖುಗಳನ್ನು ಒಟ್ಟಿಗೇ ಬರೆಯಿರಿ: 1399ರ ಜೂನ್ 22ರಂದು ಮಗಳು ಹುಟ್ಟಿತು, ಜುಲೈ 13ರಂದು ಕೂಸು ಸತ್ತಿತು, 17ರಂದು ತಾಯಿ. ವಿಶೇಷಣ ಸೇರಿಸಬೇಡಿ. ಆಕೆ ತನ್ನ ಒಡವೆಗಳನ್ನು ಕ್ರಾಕೋವ್ ವಿದ್ಯಾಪೀಠಕ್ಕೆ ಬಿಟ್ಟುಹೋದಳು. ಅದು 1400ರಲ್ಲಿ ಮತ್ತೆ ತೆರೆಯಿತು.

ಆಕೆಯ ಸಮಾಧಿಯಲ್ಲಿ ಸಿಕ್ಕ ರಾಜಲಾಂಛನಗಳಾದ ದಂಡ, ಗೋಳಗಳು ಚಿನ್ನದವಲ್ಲ, ಮರ ಮತ್ತು ಚರ್ಮದವು. 'ಚಿನ್ನವೆಲ್ಲ ದಾನವಾಗಿದ್ದಕ್ಕೆ ಇದೇ ಪುರಾವೆ' ಎಂದು ಬರೆಯುವ ಆಸೆ ಬರುತ್ತದೆ. ತಡೆದುಕೊಳ್ಳಿ: ಆಕೆಗೂ ಮೊದಲಿನ ಪೋಲೆಂಡಿನ ರಾಜ ಮೂರನೇ ಕಾಸಿಮಿರ್‌ನ ಸಮಾಧಿಯಲ್ಲಿ ಸಿಕ್ಕವೂ ಚಿನ್ನದ ಲೇಪದ ತಾಮ್ರದವೇ. ಹೂಳುವುದಕ್ಕೆಂದೇ ಬೇರೆ ಲಾಂಛನ ಮಾಡಿಸುವುದು ಅಂದಿನ ವಾಡಿಕೆಯಾಗಿತ್ತು.